ಇವರು: ಹೊಗೆ, ಅಲ್ಪ

ಉಡುಪಿಯ ಅಂಗಡಿ ಹುಡುಗ ಗಾಜಿನ ಮೇಲೆ
ಮೂರು ಬಿಳಿ ಬಿಲ್ಲೆ ಸಾಲಾಗಿ ಇಟ್ಟ.
ಇಡ್ಲಿಯ ಹಾಗೆ ಉಂಟಲ್ಲ ಮಾರಾಯಾ, ಅಂದೆ.
ನಕ್ಕ. ನಿಹಾಲ್ ಅಂತ ಅಂಗಿಯ ಮೇಲೆ ಬರೆದಿತ್ತು.

ಇದು ಬರೀ ಕೂಗುತ್ತದೆ, ಎಂಟುನೂರು.
ಇದು ಕೂಗಿ ಫೋನಿಗೂ ಹೇಳುತ್ತದೆ.
ಇದು ಮಾತಾಡುತ್ತದೆ ಆಂಟಿ, ಯಾವ ಕೋಣೆಯಲ್ಲಿ ಹೊಗೆ ಅಂತ.
ಯಾವ ಭಾಷೆಯಲ್ಲಿ?
ಇಂಗ್ಲಿಷ್. ಹಿಂದಿಯೂ ಉಂಟು.
ತುಳು?
ಡಬ್ಬಿ ತಿರುಗಿಸಿ ನೋಡಿದ, ಪಾಪ, ನಿಜವಾಗಿಯೂ.

ತುಳುವಾದರೂ ಪ್ರಯೋಜನ ಇರಲಿಲ್ಲ.
ಮಲ್ಪೆಯ ಬೋಟಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಇಂಜಿನ್ ಪಕ್ಕ ಕೂತ ಕಿವಿ ಇವರದ್ದು.
ಅದರೊಳಗೆ ಈಗ ಡೀಸೆಲಿನ ಗುಡುಗುಡು ಬಿಟ್ಟು
ಬೇರೆ ಯಾರಿಗೂ ಜಾಗ ಇಲ್ಲ.
ನಾನು ಕರೆಯುವುದೂ ನೆಲ ತಟ್ಟಿ.

ನನಗೆ ಮಣಿಪಾಲದಲ್ಲಿ ರಾತ್ರಿ ಪಾಳಿ, ಸುಟ್ಟಗಾಯದ ವಾರ್ಡು.
ಬಾಳೆಲೆಯ ಮೇಲೆ ಮಲಗಿಸಿದವರನ್ನು ನೋಡಿ ನೋಡಿ
ಎರಡು ಗಂಟೆಗೆ ನೆನಪಾಗುತ್ತದೆ, ಬರುವಾಗ
ಗ್ಯಾಸು ಬಂದ್ ಮಾಡಿದ್ದೇನಾ?

ಅಡಿಗೆಕೋಣೆಗೆ ಹೊಗೆಯದ್ದು ಬೇಡ, ಅಂದ ಹುಡುಗ,
ಬಿಸಿ ಅಳೆಯುವುದು ಸಾಕು. ಇಲ್ಲದಿದ್ದರೆ
ಬಂಗುಡೆ ಹುರಿದಾಗಲೆಲ್ಲ ಊರು ಸೇರುತ್ತದೆ.

ನಮ್ಮ ಮನೆಯ ಹೊಗೆಗಳ ಲೆಕ್ಕ ಹಾಕಿದೆ:
ಹಂಡೆಯಡಿ ತೆಂಗಿನ ಸಿಪ್ಪೆಯದ್ದು,
ಸಂಜೆ ಸೊಳ್ಳೆಗೆ ಹಾಕಿದ ಲೋಬಾನದ್ದು,
ಮೀನೆಣ್ಣೆ ಫ್ಯಾಕ್ಟರಿಯದ್ದು, ಅದು ನಮ್ಮದಲ್ಲ,
ಆದರೂ ಬಂದು ಚಾವಡಿಯಲ್ಲಿ ಕೂರುತ್ತದೆ.
ಇನ್ನೊಂದು ಇತ್ತು, ನನಗೇ ಗೊತ್ತಿಲ್ಲದ್ದು.

ಕರೆಂಟು ಹೋದರೆ?
ಬ್ಯಾಟರಿ ಉಂಟು, ಕೂಗುತ್ತದೆ. ವೈಫೈ ಹೋಗುತ್ತದೆ,
ಫೋನಿಗೆ ಬರುವುದಿಲ್ಲ.
ಮತ್ತೆ ಕೂಗುವುದು ಯಾರಿಗೆ?
ತಲೆ ಕೆರೆದ. ಒಳಗೆ ಹೋಗಿ
ಅಂಗೈಯಗಲದ ಕಪ್ಪು ಬಿಲ್ಲೆ ತಂದ.
ಇದು ದಿಂಬಿನಡಿ. ಅದು ಅಲ್ಲಿ ಕೂಗಿದರೆ ಇದು ಇಲ್ಲಿ ನಡುಗುತ್ತದೆ,
ವೈಫೈ ಬೇಕಂತ ಇಲ್ಲ.
ಕೈಗೆ ಕೊಟ್ಟು ಗುಂಡಿ ಒತ್ತಿದ.

ಬಲೆಯಿಂದ ಬಿಡಿಸಿದ ಜೀವದ ಮೀನು
ಹೀಗೆಯೇ ಹೊಡೆದುಕೊಳ್ಳುತ್ತದೆ ಅಂಗೈಯಲ್ಲಿ.
ಇದು ಇವರಿಗೆ ತಿಳಿಯುವ ಭಾಷೆ, ಕೊಡು ಅಂದೆ.
ಸಂಘದಿಂದ ತೆಗೆದ ದುಡ್ಡಿನಲ್ಲಿ ಬಸ್ಸಿಗೆ ಮಾತ್ರ ಉಳಿಯಿತು.

ಫೋನಿನಲ್ಲಾದರೆ ಕನ್ನಡ ಉಂಟು ಆಂಟಿ,
ಒಂದೊಂದಕ್ಕೂ ಹೆಸರು ಕೊಡಬೇಕು.
ಅಡಿಗೆ. ಚಾವಡಿ.
ಮಲಗುವ ಕೋಣೆಯದಕ್ಕೆ?
ಇವರು, ಅಂದೆ.
ಅವನು ಹಾಗೆಯೇ ಬರೆದ.

ಇವರಿಗೆ ಅವಮಾನ. ನನಗೆ ಮೂಗಿಲ್ಲವಾ?
ಕಾರವಾರದಾಚೆ, ನಡುರಾತ್ರಿ, ವಯರು ಸುಡುವ ವಾಸನೆ ಹಿಡಿದು
ಹನ್ನೊಂದು ಜನರನ್ನು ಎಬ್ಬಿಸಿದ್ದು ಯಾರು?
ಆಗ ನೀವು ಎಚ್ಚರ ಇದ್ದಿರಿ, ಅಂತ
ಕ್ಯಾಲೆಂಡರಿನ ಅಂಚಿನಲ್ಲಿ ಬರೆದು ತೋರಿಸಿದೆ.
ಎರಡು ಸಲ ಓದಿದರು. ಏಣಿ ತಂದರು.

ನಾಲ್ಕನೇ ರಾತ್ರಿ, ಹನ್ನೊಂದು ಇಪ್ಪತ್ತು.
ಡ್ರೆಸ್ಸಿಂಗ್ ಟ್ರೇ ಹಿಡಿದಿದ್ದೆ, ಕಿಸೆ ನಡುಗಿತು.
ಇವರು: ಹೊಗೆ, ಅಲ್ಪ.
ಮೊಣಕಾಲು ನೀರಾಯಿತು.
ಮತ್ತೆ ನಡುಗಿತು.
ಇವರು: ಸರಿಯಾಗಿದೆ.

ಬೀಡಿ!
ಡಾಕ್ಟರ ಎದುರು ಆಣೆ ಹಾಕಿ ಬಿಟ್ಟ ಬೀಡಿ.
ಕಿಟಕಿಗೆ ಬಾಯಿ ಕೊಟ್ಟು ಊದಿದ್ದಾರೆ,
ಬೋಟಿನವರಿಗೆ ಗಾಳಿ ಯಾವ ಕಡೆಯದ್ದು ಅಂತ
ನಾನು ಹೇಳಬೇಕಾ?

ಮಲ್ಪೆಯವರೆಗೆ ಬಸ್ಸಿನಲ್ಲಿ ಬೈಗುಳ ಜೋಡಿಸಿಕೊಂಡು ಬಂದೆ.
ಚಾ ಇಟ್ಟಿದ್ದರು. ಬೈಯಲಿಲ್ಲ.

ಆಮೇಲೆ ದಿನಾ, ಹೆಚ್ಚುಕಡಿಮೆ ಅದೇ ಹೊತ್ತಿಗೆ.
ಕಿವಿ ಹೋದ ಮೇಲೆ ಫೋನು ಮುಟ್ಟದ ಮನುಷ್ಯನಿಂದ
ದಿನಕ್ಕೊಂದು ಸಾಲು ಬರುತ್ತದೆ, ಅವರಿಗೇ ತಿಳಿಯದೆ.
ಅಲ್ಪ ಹೊಗೆಯದ್ದು ಬೇಡದಿದ್ದರೆ ಇಲ್ಲಿ ಒತ್ತಿ, ಅಂದಿದ್ದ ನಿಹಾಲ್.
ಬೆರಳು ಅಲ್ಲಿಯವರೆಗೆ ಹೋಗಿದೆ, ಎರಡು ಸಲ.

ನಿನ್ನೆ ಹನ್ನೊಂದೂವರೆ ಆಯಿತು, ಹನ್ನೆರಡು ದಾಟಿತು.
ಬೀಡಿ ಬಿಟ್ಟರೋ, ವೈಫೈ ಬಿಟ್ಟಿತೋ.
ಹದಿಮೂರನೇ ಮಂಚದ ಅಜ್ಜಿಗೆ ಚಮಚದಲ್ಲಿ ನೀರು ಕೊಡುತ್ತ
ಕಿಸೆಯ ಮೇಲೆ ಒಂದು ಕೈ ಇಟ್ಟು
ಒಂಚೂರು ಹೊಗೆ ಬರಲಿ ಅಂತ ಕಾದೆ.